ಹಳೇ ಹೋಂಡಾ ಸಿಟಿ ಕಾರು ತಗೊಳ್ಳಲಾ, ಫೋರ್ ವೀಲ್ ಡ್ರೈವ್ ಸ್ಕಾರ್ಪಿಯೋ ತಗೊಳ್ಳಲಾ?

ನಾಲೆಬದಿ ಮನೆ:
ನಾನಿರುವುದು ಮೈಸೂರಿನ ಕುವೆಂಪುನಗರದಲ್ಲಿ. ಅಪ್ಪ ಅಮ್ಮ ಪಾಂಡವಪುರದ ಹತ್ತಿರ ಹಳ್ಳಿಯಲ್ಲಿದ್ದಾರೆ. ಪ್ರತಿ ಶನಿವಾರ ಹೋಗಿಬರುತ್ತೇನೆ. ಟಾರು ಮುಗಿದ ಮೇಲೆ ಒಂದೂವರೆ ಕಿಲೋಮೀಟರ್ ಮಣ್ಣು ರಸ್ತೆ, ಕಬ್ಬಿನ ಗದ್ದೆಗಳ ನಡುವೆ. ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಅಮ್ಮನಿಗೆ ಹುಷಾರಿಲ್ಲ ಅಂತ ಫೋನ್ ಬಂತು. ನನ್ನ ಸಣ್ಣ ಕಾರು ಅರ್ಧ ದಾರಿಯಲ್ಲೇ ಹೂತುಕೊಂಡಿತು. ಪಕ್ಕದವರನ್ನು ಎಬ್ಬಿಸಿ ಟ್ರ್ಯಾಕ್ಟರ್‌ನಲ್ಲಿ ಎಳೆಸುವಷ್ಟರಲ್ಲಿ ಒಂದು ಗಂಟೆ ಹಿಡಿಯಿತು. ಆ ಒಂದು ಗಂಟೆ ಇನ್ನೂ ಕಣ್ಣಮುಂದೆ ಇದೆ.

ಈಗ ಎರಡು ಗಾಡಿ ನೋಡಿದ್ದೇನೆ. 2016ರ ಹೋಂಡಾ ಸಿಟಿ ಪೆಟ್ರೋಲ್, 2012ರ ಸ್ಕಾರ್ಪಿಯೋ ಫೋರ್ ವೀಲ್ ಡ್ರೈವ್ (ಬೇಕೆಂದಾಗ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗುವಂಥದ್ದು) ಡೀಸೆಲ್. ರೇಟು ಹೆಚ್ಚುಕಮ್ಮಿ ಒಂದೇ. ನನ್ನ ಮನಸ್ಸು ಸ್ಕಾರ್ಪಿಯೋ ಕಡೆಗಿದೆ. ಇಟ್ಟುಕೊಂಡವರು ಹೇಳಿ.

ಮದ್ದೂರಿನವ:
ನನ್ನದೂ ಅದೇ ಸ್ಕಾರ್ಪಿಯೋ. ಎಂಜಿನ್ ಗಟ್ಟಿ, ನೋಡಬೇಕಾದ್ದು ಕೆಳಗೆ. ಫೋರ್ ವೀಲ್ ನಾಬ್ ತಿರುಗಿಸಿದಾಗ ದೀಪ ಹತ್ತಿತು ಅಂತ ನಂಬಬೇಡಿ. ಎಷ್ಟೋ ಜನ ವರ್ಷಗಟ್ಟಲೆ ಫೋರ್ ವೀಲ್ ಹಾಕಿರುವುದೇ ಇಲ್ಲ, ಅದನ್ನು ಜೋಡಿಸುವ ಮೋಟಾರ್ ಜಾಮ್ ಆಗಿರುತ್ತದೆ. ಕೆಸರಿಗೆ ಇಳಿಸಿ, ಮುಂದಿನ ಚಕ್ರವೂ ಕೆಸರು ಎರಚುತ್ತಾ ಅಂತ ಒಬ್ಬರನ್ನು ಹೊರಗೆ ನಿಲ್ಲಿಸಿ ನೋಡಿ. ಒಣ ಟಾರಿನ ಮೇಲೆ ಫೋರ್ ವೀಲ್ ಹಾಕಲೇಬೇಡಿ. ತಿರುವಿನಲ್ಲಿ ಮುಂದಿನ, ಹಿಂದಿನ ಆಕ್ಸಲ್ ಒಂದಕ್ಕೊಂದು ಎಳೆದಾಡಿ ಗೇರ್ ಹಾಳಾಗುತ್ತದೆ. ಇನ್ನು ಆರ್‌ಸಿ (ಗಾಡಿಯ ನೋಂದಣಿ): 2027ಕ್ಕೆ 15 ವರ್ಷ ತುಂಬುತ್ತದೆ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ 5 ವರ್ಷಕ್ಕೆ ರಿನ್ಯೂ ಮಾಡಿಸಬೇಕು. ಆ ಖರ್ಚನ್ನೂ ಚೌಕಾಸಿಯಲ್ಲಿ ಸೇರಿಸಿ.

ಕೆ.ಆರ್. ಪೇಟೆ ರೈತ:
ಒಂದೂವರೆ ಕಿಲೋಮೀಟರೂ ಕೆಟ್ಟಿದೆಯಾ, ಇಲ್ಲ ಒಂದೆರಡು ಕಡೆ ಮಾತ್ರವಾ? ನಮ್ಮ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ಚಕ್ರದ ಜಾಡು ತಗ್ಗಾಗಿ, ನಡುವೆ ದಿಣ್ಣೆ ಎದ್ದಿತ್ತು. ಗಾಡಿಯ ಹೊಟ್ಟೆ ಅದರ ಮೇಲೆ ಕೂತರೆ ನಾಲ್ಕು ಚಕ್ರ ತಿರುಗಿಯೂ ಪ್ರಯೋಜನವಿಲ್ಲ. ಸಿಟಿಯ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಹೊಟ್ಟೆಗಿರುವ ಎತ್ತರ, 165 ಮಿಲಿಮೀಟರ್, ಆ ಸ್ಕಾರ್ಪಿಯೋದು 180. ಒಂದೂವರೆ ಸೆಂಟಿಮೀಟರ್ ವ್ಯತ್ಯಾಸ, ಅಲ್ವಾ? ನಾವು ಎರಡು ಲೋಡ್ ಗ್ರಾವೆಲ್ ಹೊಡೆಸಿದೆವು. ಮೊದಲು ಅಮ್ಮನನ್ನು ಎರಡೂ ಗಾಡಿಗೆ ಹತ್ತಿಸಿ ನೋಡಿ.

ನಾಲೆಬದಿ ಮನೆ:
ಭಾನುವಾರ ದಾರಿಯುದ್ದಕ್ಕೂ ನಡೆದೆ. ಕೆಟ್ಟಿರುವುದು ತೂಬಿನ ಹತ್ತಿರ ನಲವತ್ತು ಹೆಜ್ಜೆ ಅಷ್ಟೇ, ನೀರು ಜಿನುಗುವ ಕಡೆ. ದಿಣ್ಣೆಗೆ ಟೇಪ್ ಹಿಡಿದೆ. ಎಂಟು ಇಂಚು, ಅಂದರೆ 200 ಮಿಲಿಮೀಟರ್‌ಗೂ ಮೇಲೆ! ಸ್ಕಾರ್ಪಿಯೋನೂ ಕೂರುತ್ತಿತ್ತು.

ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಸ್ಕಾರ್ಪಿಯೋ ಹಿಡಿ ಹಿಡಿದು ಬಲಗಾಲು ಇಟ್ಟರು. ಎಡಮಂಡಿ ಮೇಲೇಳಲಿಲ್ಲ. ಹಾಗೇ ನಿಂತು ನನ್ನ ಮುಖ ನೋಡಿದರು. ಸಿಟಿ ಸೀಟು ತಗ್ಗು, ಏಳುವಾಗ ಕೈ ಹಿಡಿಯಬೇಕು. ಆದರೆ ತಾವೇ ಕೂತರು. ಅಲ್ಲೇ ಸಿಟಿಗೆ ಅಡ್ವಾನ್ಸ್ ಕೊಟ್ಟೆ. ಒಂದು ಲೋಡ್ ಗ್ರಾವೆಲ್ ದುಡ್ಡು ಪಕ್ಕದ ಗದ್ದೆಯವರು ಹಾಕುತ್ತಾರಂತೆ. ಸುಮ್ನೆ ಸುರಿದರೆ ನಿಲ್ಲುತ್ತಾ?

ಕೆ.ಆರ್. ಪೇಟೆ ರೈತ:
ನಿಲ್ಲಲ್ಲ. ಮೊದಲು ಅಡ್ಡಕ್ಕೆ ಒಂದು ಪೈಪ್ ಹೂತು ನೀರಿಗೆ ದಾರಿ ಮಾಡಿ. ಆಮೇಲೆ ದಪ್ಪ ಜಲ್ಲಿ, ಅದರ ಮೇಲೆ ಗ್ರಾವೆಲ್. ನಾಲೆಗೆ ನೀರು ಬಿಡುವ ಮುಂಚೆಯೇ ಮುಗಿಸಿಬಿಡಿ.