ಕೈಲುವಾ ಮತ್ತು ಲಾನಿಕಾಯ್: ಜನವಸತಿಯ ಬಡಾವಣೆಗೆ ಪ್ರವಾಸಿಗರಾಗಿ ಹೋಗುವುದು ಹೇಗೆ?

ಕಡಲಹಾದಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬರುವ ಫೆಬ್ರುವರಿಯಲ್ಲಿ ತಾಯಿಯವರನ್ನೂ ಕರೆದುಕೊಂಡು ನಾವು ಹವಾಯಿಯ ಓವಾಹು ದ್ವೀಪಕ್ಕೆ ಹೋಗುವವರಿದ್ದೇವೆ. ಇದ್ದಷ್ಟು ದಿನವೂ ವೈಕೀಕೀಯ ಹೋಟೆಲುಗಳ ನಡುವೆಯೇ ಕಳೆಯುವ ಮನಸ್ಸಿಲ್ಲ. ದ್ವೀಪದ ಪೂರ್ವ ಕರಾವಳಿಯಲ್ಲಿರುವ ಕೈಲುವಾ ಮತ್ತು ಅದಕ್ಕೆ ಹೊಂದಿಕೊಂಡಿರುವ ಲಾನಿಕಾಯ್ ಬಡಾವಣೆಗಳ ಬಗ್ಗೆ ಬಹಳ ಕೇಳಿದ್ದೇವೆ. ಅಂತರ್ಜಾಲದಲ್ಲಿ ಅಲ್ಲಿನ ಮನೆಗಳು ಕೆಲವು ದಿನಗಳ ಮಟ್ಟಿಗೆ ಬಾಡಿಗೆಗೆ ಸಿಗುವಂತೆ ಕಾಣುತ್ತವೆ. ಆದರೆ ಇನ್ನೊಂದು ಕಡೆ, ಪ್ರವಾಸಿಗರ ದಟ್ಟಣೆಯಿಂದ ಅಲ್ಲಿನ ನಿವಾಸಿಗಳು ಬೇಸತ್ತಿದ್ದಾರೆಂದೂ ಓದಿದೆ. ಅಲ್ಲಿ ಮನೆ ಹಿಡಿಯುವುದು ಕಾನೂನಿನ ಪ್ರಕಾರ ಸರಿಯೇ? ಹಗಲಿಗೆ ಮಾತ್ರ ಹೋಗಿ ಬರುವುದಾದರೆ, ಯಾರಿಗೂ ತೊಂದರೆಯಾಗದಂತೆ ಏನೇನು ನೋಡಬಹುದು? ಕಡಲತೀರವನ್ನು ಬಿಟ್ಟು ಬೇರೇನಾದರೂ ಇದೆಯೇ? ಅಮ್ಮನಿಗೆ ಏರು ಹತ್ತುವುದು ಕಷ್ಟ. ಸಮತಟ್ಟಾದ ನೆಲದಲ್ಲಿ ನಿಧಾನವಾಗಿ ನಡೆಯುತ್ತಾರೆ.

ಗಾಳಿಮರ

ಮೊದಲು ಮನೆಯ ವಿಷಯ, ಏಕೆಂದರೆ ಹಣ ಕಟ್ಟಿದ ಮೇಲೆ ತಿಳಿದು ಪ್ರಯೋಜನವಿಲ್ಲ. ಕೈಲುವಾ ಸುಮಾರು 40,000 ಜನರಿರುವ ಊರು. ಅದರ ಬಹುಭಾಗ ವಸತಿ ವಲಯ. ಓವಾಹು ದ್ವೀಪವಿಡೀ ಹೊನೊಲುಲು ನಗರಾಡಳಿತದ ವ್ಯಾಪ್ತಿಗೆ ಬರುತ್ತದೆ, ಮತ್ತು ಆ ಆಡಳಿತದ ನಿಯಮದಂತೆ ವಸತಿ ವಲಯದ ಮನೆಯನ್ನು ವಿಶೇಷ ಪರವಾನಗಿ ಇಲ್ಲದೆ 30 ದಿನಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆಗೆ ಕೊಡುವಂತಿಲ್ಲ. 2022ರಲ್ಲಿ ಈ ಮಿತಿಯನ್ನು 90 ದಿನಗಳಿಗೆ ಏರಿಸಲು ಹೊಸ ಕಾನೂನು ಮಾಡಿದರು; 30ರಿಂದ 89 ದಿನಗಳ ಬಾಡಿಗೆಯನ್ನು ನಿಷೇಧಿಸುವ ಆ ಭಾಗವನ್ನು ಫೆಡರಲ್ ನ್ಯಾಯಾಲಯ ಅದೇ ವರ್ಷ ತಡೆಹಿಡಿಯಿತು. ಹಾಗೆಂದು ಮೂರು ರಾತ್ರಿ, ಐದು ರಾತ್ರಿಗಳ ಬಾಡಿಗೆ ಸಕ್ರಮವಾಯಿತೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅಲ್ಪಾವಧಿಯ ಬಾಡಿಗೆಗೆ ಅನುಮತಿಸಿ 1989ರ ಆಸುಪಾಸಿನಲ್ಲಿ ಕೊಟ್ಟ ಹಳೆಯ ಪ್ರಮಾಣಪತ್ರಗಳನ್ನು ಇಂದಿಗೂ ನವೀಕರಿಸಿಕೊಂಡು ಬಂದಿರುವ ಬೆರಳೆಣಿಕೆಯ ಮನೆಗಳು ಅಲ್ಲಿವೆ. ಅಂತಹ ಮನೆಯ ಮಾಲೀಕರು ಪ್ರಮಾಣಪತ್ರದ ಸಂಖ್ಯೆಯನ್ನು ಮುಚ್ಚಿಡುವುದಿಲ್ಲ, ಕೇಳಿದ ಕೂಡಲೇ ಕೊಡುತ್ತಾರೆ. ಸಂಖ್ಯೆ ಕೇಳಿದಾಗ ಮಾತು ತೇಲಿಸುವವರ ಅಥವಾ "ಯಾರಾದರೂ ವಿಚಾರಿಸಿದರೆ ನಮ್ಮ ನೆಂಟರೆಂದು ಹೇಳಿ" ಎನ್ನುವವರ ಮನೆಯನ್ನು ಬಿಟ್ಟುಬಿಡಿ.

ಈ ನಿಯಮದ ಹಿಂದಿರುವ ನೋವು ನನಗೆ ಅರ್ಥವಾಗುತ್ತದೆ. ನಾನು ಕೆಲಸದ ನಿಮಿತ್ತ ಕೆಲವು ವರ್ಷ ಪಕ್ಕದ ಕಾನೆಯೋಹೆಯಲ್ಲಿ ವಾಸವಾಗಿದ್ದೆ. ಒಂದು ಬೀದಿಯಲ್ಲಿ ನಾಲ್ಕಾರು ಮನೆಗಳು ಪ್ರವಾಸಿಗರಿಗೆ ಹೋದರೆ ಅಷ್ಟು ಕುಟುಂಬಗಳಿಗೆ ಬಾಡಿಗೆ ಮನೆ ಸಿಗದಂತಾಗುತ್ತದೆ. ಶಾಲೆಯ ಶಿಕ್ಷಕರು, ದಾದಿಯರು, ಅಂಗಡಿಗಳಲ್ಲಿ ದುಡಿಯುವವರು ಮನೆ ಹುಡುಕಿಕೊಂಡು ದೂರದ ಊರುಗಳಿಗೆ ಹೋಗಬೇಕಾಗುತ್ತದೆ. ಅಮೆರಿಕದ ಅಧ್ಯಕ್ಷರಾಗಿದ್ದಾಗ ಬರಾಕ್ ಒಬಾಮಾ ತಮ್ಮ ಕುಟುಂಬದೊಂದಿಗೆ ಚಳಿಗಾಲದ ರಜೆಗೆ ಕೈಲುವಾಕ್ಕೆ ಬರುತ್ತಿದ್ದರು. ಆ ಸುದ್ದಿಯಿಂದಲೂ ಊರಿಗೆ ಬರುವವರು ಹೆಚ್ಚಿದರೆಂದು ಹಳಬರು ಹೇಳುತ್ತಿದ್ದರು. ಆದುದರಿಂದ ನನ್ನ ಸಲಹೆ ಸ್ಪಷ್ಟ: ವೈಕೀಕೀಯಲ್ಲೇ ಉಳಿದುಕೊಳ್ಳಿ, ಬೆಳಿಗ್ಗೆ ಬೇಗ ಹೊರಟು ಹಗಲಿಡೀ ಕೈಲುವಾದಲ್ಲಿರಿ, ಊಟವನ್ನೂ ಅಲ್ಲಿನ ಪುಟ್ಟ ಹೋಟೆಲುಗಳಲ್ಲೇ ಮಾಡಿ, ಸಂಜೆಗೆ ಹಿಂತಿರುಗಿ. ನಡುವಿನ ದೂರ ಸುಮಾರು 20 ಕಿಲೋಮೀಟರ್ ಮಾತ್ರ.

ಇನ್ನೊಂದು ಎಚ್ಚರಿಕೆ. ಹವಾಯಿ ದ್ವೀಪದಲ್ಲಿ, ಅಂದರೆ ಅವರು 'ಬಿಗ್ ಐಲೆಂಡ್' ಎಂದು ಕರೆಯುವ ಬೇರೆಯೇ ದ್ವೀಪದಲ್ಲಿ, ಕೈಲುವಾ-ಕೋನಾ ಎಂಬ ಊರಿದೆ. ಟಿಕೆಟ್ ಅಥವಾ ಕಾರು ಕಾದಿರಿಸುವಾಗ ಎರಡನ್ನೂ ಬೆರೆಸಿಕೊಳ್ಳಬೇಡಿ.

ಪಾಲಿದಾರಿ

ಗಾಳಿಮರ ಅವರು ಹೇಳಿದ್ದನ್ನು ನಾನೂ ಅನುಮೋದಿಸುತ್ತೇನೆ. ಹೋಗುವ ದಾರಿಯ ಬಗ್ಗೆ ಎರಡು ಮಾತು ಸೇರಿಸುತ್ತೇನೆ.

ಹೊನೊಲುಲುವಿನ ಅಲಾ ಮೊವಾನಾದಿಂದ ಕೈಲುವಾಕ್ಕೆ 67ನೇ ಸಂಖ್ಯೆಯ ಸಾರ್ವಜನಿಕ ಬಸ್ಸಿದೆ; ಕೈಲುವಾದಿಂದ ಲಾನಿಕಾಯ್ ಒಳಗೆ 671ನೇ ಸಂಖ್ಯೆಯ ಚಿಕ್ಕ ಮಾರ್ಗವಿದೆ. ಬಸ್ ದರ ಪಾವತಿಸುವ 'ಹೋಲೋ' ಕಾರ್ಡ್ ಮಾಡಿಸಿಕೊಂಡರೆ ಪ್ರತಿ ಸಲ ಚಿಲ್ಲರೆ ಹುಡುಕುವ ಕೆಲಸವಿರುವುದಿಲ್ಲ. ಮಡಿಲಲ್ಲಿ ಇಟ್ಟುಕೊಳ್ಳಬಹುದಾದ ಅಥವಾ ಸೀಟಿನ ಕೆಳಗೆ ಹಿಡಿಯುವ ಸಾಮಾನನ್ನು ಮಾತ್ರ ಬಸ್ಸಿನಲ್ಲಿ ಒಯ್ಯಬಹುದು. ದೊಡ್ಡ ಸೂಟ್‌ಕೇಸ್ ಬೇಡ.

ಬಸ್ಸು ಪಾಲಿ ಹೆದ್ದಾರಿಯಲ್ಲಿ ಕೊವೊಲಾವು ಬೆಟ್ಟಗಳ ಸುರಂಗವನ್ನು ದಾಟಿ ಆಚೆ ಬದಿಗೆ ಇಳಿಯುತ್ತದೆ. ಸುರಂಗದಿಂದ ಹೊರಬಂದ ಕೂಡಲೇ ಹವೆಯೇ ಬದಲಾಗುತ್ತದೆ. ಗೋಡೆಯಂತೆ ನೆಟ್ಟಗೆ ನಿಂತ ಹಸಿರು ಬೆಟ್ಟ ಹಿಂದೆ ಸರಿಯುತ್ತದೆ, ಕೆಳಗೆ ಊರು ಮತ್ತು ಕಡಲು ಒಟ್ಟಿಗೇ ಕಾಣಿಸಿಕೊಳ್ಳುತ್ತವೆ, ಈಶಾನ್ಯದ ವಾಣಿಜ್ಯ ಮಾರುತ ಮುಖಕ್ಕೆ ಬಡಿಯುತ್ತದೆ. ಈ ಪಾಲಿ ಕಣಿವೆಯಲ್ಲೇ 1795ರಲ್ಲಿ ಕಮೆಹಮೆಹಾ ಅರಸನ ಸೈನ್ಯ ಓವಾಹುವಿನ ಯೋಧರನ್ನು ಪ್ರಪಾತದ ಅಂಚಿಗೆ ಅಟ್ಟಿ ದ್ವೀಪವನ್ನು ಗೆದ್ದಿತು. ಆದರೆ ಅಲ್ಲಿನ ವೀಕ್ಷಣಾ ಸ್ಥಳಕ್ಕೆ ಬಸ್ಸು ಹೋಗುವುದಿಲ್ಲವೆಂಬುದು ನೆನಪಿರಲಿ.

ಕಾರಿನಲ್ಲೇ ಹೋಗುವುದಾದರೆ ಲಾನಿಕಾಯ್‌ಯಲ್ಲಿ ಜಾಗ ಹುಡುಕುತ್ತ ಸುತ್ತಬೇಡಿ. ಆ ಬಡಾವಣೆಗೆ ಇರುವುದು ಒಂದೇ ಏಕಮುಖ ಸುತ್ತುರಸ್ತೆ. ಫುಟ್‌ಪಾತ್ ಇಲ್ಲ, ವಾಹನ ನಿಲುಗಡೆಯ ಮೈದಾನವಿಲ್ಲ, ಸಾರ್ವಜನಿಕ ಶೌಚಾಲಯವೂ ಇಲ್ಲ. ಯಾರದೋ ಮನೆಯ ದಾರಿಗೆ ಅಡ್ಡವಾಗಿ ಕಾರು ನಿಂತರೆ ಆ ಮನೆಯ ಮುದುಕರಿಗೆ ಆಂಬುಲೆನ್ಸ್ ಬರಲೂ ಜಾಗವಿರುವುದಿಲ್ಲ. ಮೂರು ದಿನಗಳ ರಜೆ ಬರುವ ವಾರಾಂತ್ಯಗಳಲ್ಲಿ ಹಗಲಿನ ಹೊತ್ತು ಅಲ್ಲಿ ರಸ್ತೆಬದಿ ನಿಲುಗಡೆಯನ್ನೇ ನಿಷೇಧಿಸುತ್ತಾರೆ. ನೀವು ಫೆಬ್ರುವರಿಯಲ್ಲಿ ಹೋಗುತ್ತಿರುವುದರಿಂದ ಇದನ್ನು ಮುಖ್ಯವಾಗಿ ಹೇಳುತ್ತಿದ್ದೇನೆ: ಆ ತಿಂಗಳ ಮೂರನೇ ಸೋಮವಾರ ಅಧ್ಯಕ್ಷರ ದಿನದ ರಜೆ. ಆ ವಾರಾಂತ್ಯವನ್ನು ಬಿಟ್ಟು ವಾರದ ನಡುವಿನ ದಿನವೊಂದನ್ನು ಆರಿಸಿಕೊಳ್ಳಿ.

ಕಡಲಹಾದಿ

ಇಬ್ಬರಿಗೂ ಧನ್ಯವಾದ. ಮನೆ ಹಿಡಿಯುವ ಯೋಚನೆಯನ್ನು ಕೈಬಿಟ್ಟೆವು. ಅಮ್ಮನಿಗೆ ಹಕ್ಕಿಗಳೆಂದರೆ ಪ್ರಾಣ, ಹಳೆಯ ಸ್ಥಳಗಳೆಂದರೂ ಆಸಕ್ತಿ. ಲಾನಿಕಾಯ್‌ಯ ಬೆಟ್ಟದ ಮೇಲಿರುವ ಯುದ್ಧಕಾಲದ ಕಾಂಕ್ರೀಟ್ ಗೂಡುಗಳವರೆಗೆ ಹತ್ತುವುದು ಅವರಿಂದ ಸಾಧ್ಯವೇ? ಇಲ್ಲವಾದರೆ ಅದಕ್ಕೆ ಬದಲಾಗಿ ಏನಿದೆ?

ಜೌಗುಕೋಳಿ

ಕೈವಾ ಬೆಟ್ಟಸಾಲಿನ ಆ ದಾರಿ ಅವರಿಗೆ ಬೇಡ. ಮೊದಲ ಹೆಜ್ಜೆಯಿಂದಲೇ ಕಡಿದಾದ ಏರು, ಕಾಲಡಿಯಲ್ಲಿ ಸಡಿಲ ಮಣ್ಣು. ಫೆಬ್ರುವರಿ ಮಳೆಗಾಲದ ತಿಂಗಳಾದ್ದರಿಂದ ಜಾರಿಕೆ ಇನ್ನೂ ಹೆಚ್ಚು. ಇಳಿಯುವಾಗ ಬೀಳುವವರೇ ಜಾಸ್ತಿ. ನೀವು ಬೇಕಾದರೆ ಮುಂಜಾವಿನಲ್ಲಿ ಹೋಗಿ ಬನ್ನಿ, ಅದೃಷ್ಟವಿದ್ದರೆ ದೂರದ ನೀರಿನಲ್ಲಿ ಗೂನು ತಿಮಿಂಗಿಲದ ಉಸಿರು ಚಿಮ್ಮುವುದೂ ಕಂಡೀತು.

ಅಮ್ಮನವರಿಗೆ ತೋರಿಸಬೇಕಾದದ್ದು ಕವೈನುಯಿ ಜೌಗು. ಕೈಲುವಾಕ್ಕೆ ಬರುವ ಹೆಚ್ಚಿನವರು ಅದರ ಪಕ್ಕದಲ್ಲೇ ಕಾರು ಓಡಿಸಿಕೊಂಡು ಹೋಗಿ ನೋಡದೆಯೇ ಹಿಂತಿರುಗುತ್ತಾರೆ, ಇದು ನನಗೆ ನಿಜಕ್ಕೂ ದುಃಖದ ಸಂಗತಿ. ಹವಾಯಿಯಲ್ಲಿ ಇಂದು ಉಳಿದಿರುವ ಜೌಗು ಪ್ರದೇಶಗಳಲ್ಲಿ ಅದೇ ಅತಿ ದೊಡ್ಡದು. ಪಕ್ಕದ ಹಮಾಕುವಾ ಜೌಗಿನೊಂದಿಗೆ ಅದನ್ನು 2005ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿಸಿದರು. ಒಂದು ಕಾಲದಲ್ಲಿ ಅದು ಹವಾಯಿಯನ್ನರು ಸಾಕಿ ಸಲಹಿದ ವಿಶಾಲವಾದ ಮೀನುಕೊಳವಾಗಿತ್ತು, ಅಂಚಿನಲ್ಲಿ ಕೆಸುವಿನ ಗದ್ದೆಗಳಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ವಲಸೆ ಬಂದ ಚೀನೀ ರೈತರು ಅಲ್ಲಿ ಭತ್ತ ಬೆಳೆದರು. ಆಮೇಲೆ ನೀರು ಬೇರೆಡೆಗೆ ಹರಿದು, ಹೂಳು ತುಂಬಿ, ಹುಲ್ಲು ಹಬ್ಬಿತು.

ಈ ಜೌಗು ಮತ್ತು ಊರು ಒಂದಕ್ಕೊಂದು ಎಷ್ಟು ಹತ್ತಿರವೆಂಬುದು 1987ರ ಡಿಸೆಂಬರ್ 31ರ ರಾತ್ರಿ ಎಲ್ಲರಿಗೂ ಮನವರಿಕೆಯಾಯಿತು. ಹೊಸ ವರ್ಷದ ಹೊಸ್ತಿಲಲ್ಲಿ ಸುರಿದ ಭಾರೀ ಮಳೆಗೆ ಜೌಗಿನ ನೀರು ಅಂದಿನ ಒಡ್ಡನ್ನು ಮೀರಿ ಪಕ್ಕದ ಕೋಕೋನಟ್ ಗ್ರೋವ್ ಬಡಾವಣೆಯ ಮನೆಗಳಿಗೆ ನುಗ್ಗಿತು. ಅದಾದ ಮೇಲೆ ಒಡ್ಡನ್ನು ಎತ್ತರಿಸಿ ಬಲಪಡಿಸಿದರು. ಆ ಒಡ್ಡಿನ ಮೇಲೆಯೇ ಈಗ ಕಾಲುದಾರಿಯಿದೆ; ಕಾಹಾ ಪಾರ್ಕಿನ ಕಡೆಯಿಂದ ಕೈಲುವಾ ರಸ್ತೆಯವರೆಗೆ ಪೂರ್ತಿ ಸಮತಟ್ಟು. ಒಂದು ಬದಿಗೆ ಮನೆಗಳ ಹಿತ್ತಲು, ಒಣಹಾಕಿದ ಬಟ್ಟೆ, ನಾಯಿಯ ಬೊಗಳು. ಇನ್ನೊಂದು ಬದಿಗೆ ಬೆಟ್ಟದ ಬುಡದವರೆಗೂ ಜೊಂಡು. ನೆರಳಿಲ್ಲ, ಆದ್ದರಿಂದ ಬೆಳಿಗ್ಗೆ ಎಂಟಕ್ಕೆ ಮುಂಚೆ ಹೋಗಿ, ಟೋಪಿ ಮತ್ತು ನೀರು ಜೊತೆಗಿರಲಿ. ಒಡ್ಡಿನ ಒಂದು ತುಂಡನ್ನಷ್ಟೇ ನಡೆದು ಹಿಂತಿರುಗಿದರೂ ಸಾಕು.

ಅಲ್ಲಿ ಮತ್ತು ಹಮಾಕುವಾದಲ್ಲಿ ಕಾಣಸಿಗುವ ಹಕ್ಕಿಗಳಲ್ಲಿ ನನಗೆ ಅಚ್ಚುಮೆಚ್ಚಿನದು ಹವಾಯಿಯ ಮೆಟ್ಟುಗಾಲು ಹಕ್ಕಿ: ಕಪ್ಪು ಬೆನ್ನು, ಬಿಳಿ ಹೊಟ್ಟೆ, ನಸುಗೆಂಪಿನ ಕಡ್ಡಿಯಂತಹ ಕಾಲು. ಫೆಬ್ರುವರಿಯ ನಡುವಿನಿಂದ ಅದರ ಗೂಡುಕಟ್ಟುವ ಕಾಲ ಆರಂಭವಾಗುತ್ತದೆ. ಗೂಡಿನ ಹತ್ತಿರ ಯಾರಾದರೂ ಸುಳಿದರೆ ತಾಯಿಯೋ ತಂದೆಯೋ ರೆಕ್ಕೆ ಮುರಿದಂತೆ ನೆಲದ ಮೇಲೆ ಹೊರಳುತ್ತ, ಕೂಗುತ್ತ, ಬಂದವರ ಗಮನವನ್ನು ತನ್ನತ್ತ ಸೆಳೆದು ದೂರ ಕರೆದೊಯ್ಯುತ್ತದೆ. ಹಾಗೆ ಹೊರಳುವ ಹಕ್ಕಿ ಕಂಡರೆ ಅದು ಗಾಯಗೊಂಡಿದೆ ಎಂದು ಹತ್ತಿರ ಹೋಗಬೇಡಿ. ಬಂದ ದಾರಿಯಲ್ಲೇ ಮೆಲ್ಲನೆ ಹಿಂದೆ ಸರಿಯಿರಿ. ಹಣೆಯ ಮೇಲೆ ಕೆಂಪು ತಗಡು ಅಂಟಿಸಿದಂತಿರುವ ಜೌಗುಕೋಳಿಯೂ, ಹವಾಯಿಯ ನಾಮಗೋಳಿಯೂ ಅಲ್ಲಿವೆ. ಇವೆಲ್ಲವೂ ಅಳಿವಿನ ಅಂಚಿಗೆ ಬಂದು ಕಾನೂನಿನ ರಕ್ಷಣೆಯಲ್ಲಿ ಉಳಿದಿರುವ ಹಕ್ಕಿಗಳು. ಆಹಾರ ಎಸೆಯಬೇಡಿ, ಏಕೆಂದರೆ ಅದಕ್ಕೆ ಮೊದಲು ಬರುವುದು ಬೆಕ್ಕು ಮತ್ತು ಮುಂಗುಸಿ, ಮೊಟ್ಟೆಯನ್ನು ತಿನ್ನುವುದೂ ಅವೇ.

ಇನ್ನು ಹಳೆಯ ಸ್ಥಳವೆಂದರೆ ಉಲುಪೊ ಹೇಯಾವು. ಜೌಗಿನ ಅಂಚಿನಲ್ಲೇ, ಕೈಲುವಾ ರಸ್ತೆಯಿಂದ ತುಸು ಒಳಗೆ ಇದೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಜೋಡಿಸಿ ಕಟ್ಟಿದ ಪೂಜಾಸ್ಥಳ ಅದು. ಜಗಲಿಯ ಅಳತೆ ಸುಮಾರು 140 ಅಡಿಗೆ 180 ಅಡಿ, ಗೋಡೆ ಕೆಲವೆಡೆ 30 ಅಡಿ ಎತ್ತರ. ಓವಾಹುವಿನ ಹೆಸರಾಂತ ದೊರೆ ಕಾಕುಹಿಹೆವಾ ಕೈಲುವಾದಲ್ಲಿ ನೆಲೆಸಿದ್ದನೆಂದು ಪರಂಪರೆ ಹೇಳುತ್ತದೆ. ಜಗಲಿಯ ಕೆಳಗೆ ಇಂದಿಗೂ ಒರತೆಯ ನೀರು ಹರಿಯುತ್ತದೆ. ಆ ನೀರಿನಲ್ಲಿ ಸ್ಥಳೀಯರು ಮತ್ತೆ ಕೆಸು ಬೆಳೆಸುತ್ತಿದ್ದಾರೆ. ಕಲ್ಲಿನ ಮೇಲೆ ಹತ್ತುವುದು, ಒಂದು ಕಲ್ಲನ್ನಾದರೂ ಕದಲಿಸುವುದು, ನೆನಪಿಗೆಂದು ತೆಗೆದುಕೊಂಡು ಹೋಗುವುದು ತಪ್ಪು. ಅಲ್ಲಿನ ಜನರಿಗೆ ಅದು ಇಂದಿಗೂ ಪವಿತ್ರ ನೆಲ, ಅಂತೆಯೇ ತಗ್ಗಿದ ದನಿಯಲ್ಲಿ ನೋಡಿ ಬನ್ನಿ.

ಗಾಳಿಮರ

ಜೌಗುಕೋಳಿ ಅವರು ಬರೆದದ್ದನ್ನು ಓದಿ ಸಂತೋಷವಾಯಿತು. ಕಡಲತೀರದ ಬಗ್ಗೆ ಉಳಿದದ್ದನ್ನು ಹೇಳುತ್ತೇನೆ.

ಅಮ್ಮನವರೊಂದಿಗೆ ಕೈಲುವಾ ಬೀಚ್ ಪಾರ್ಕಿಗೇ ಹೋಗಿ. ಅಲ್ಲಿ ನೆರಳು, ಶೌಚಾಲಯ, ಸಿಹಿನೀರಿನ ಸ್ನಾನದ ನಲ್ಲಿ, ಜೀವರಕ್ಷಕರು ಎಲ್ಲವೂ ಇವೆ. ವಿಂಡ್‌ಸರ್ಫಿಂಗ್ ಆಟದ ಚರಿತ್ರೆಯಲ್ಲಿ ಈ ತೀರಕ್ಕೆ ದೊಡ್ಡ ಹೆಸರು. ಇಲ್ಲೇ ಬೆಳೆದ ರಾಬಿ ನೇಯ್ಷ್ 1976ರಲ್ಲಿ, ತನ್ನ 13ನೆಯ ವಯಸ್ಸಿನಲ್ಲಿ, ವಿಶ್ವ ಚಾಂಪಿಯನ್ ಆದ. ಗಾಳಿ ಬಲವಾಗಿರುವ ಮಧ್ಯಾಹ್ನಗಳಲ್ಲಿ ಮರದಡಿ ಕುಳಿತು ಬಣ್ಣಬಣ್ಣದ ಪಟಗಳನ್ನು ನೋಡುತ್ತಿರುವುದೇ ಹಿತ. ಆದರೆ ಅದೇ ಗಾಳಿ 'ಪೋರ್ಚುಗೀಸ್ ಮ್ಯಾನ್ ಆಫ್ ವಾರ್' ಎಂಬ ನೀಲಿ ಗುಳ್ಳೆಯಂತಹ ಕುಟುಕುಜೀವಿಯನ್ನೂ ದಡಕ್ಕೆ ತರುತ್ತದೆ. ಮರಳಿನ ಮೇಲೆ ಸತ್ತು ಬಿದ್ದಿದ್ದರೂ ಕುಟುಕುವುದರಿಂದ ಬರಿಗಾಲಲ್ಲಿ ನಡೆಯುವಾಗ ನೋಡಿಕೊಳ್ಳಿ. ಜೋರು ಮಳೆಯಾದ ಮೇಲೆ ಕಾಲುವೆಯ ಕೆಂಪು ನೀರು ಕಡಲಿಗೆ ಸೇರುತ್ತದೆ. ನೀರು ಕದಡಿ ಕಂದು ಬಣ್ಣಕ್ಕೆ ತಿರುಗಿದ್ದರೆ ಆ ದಿನ ಈಜಬೇಡಿ.

ಹವಾಯಿಯಲ್ಲಿ ಕಡಲತೀರ ಯಾರ ಸ್ವಂತದ್ದೂ ಅಲ್ಲ. ಅಲೆ ಮೇಲೇರಿ ಬರುವ ಗೆರೆಯವರೆಗೂ ಅದು ಸಾರ್ವಜನಿಕ. ಲಾನಿಕಾಯ್‌ಯಲ್ಲಿ ಎರಡು ಮನೆಗಳ ಕಾಂಪೌಂಡ್ ಗೋಡೆಗಳ ನಡುವೆ, ಇಬ್ಬರು ಒಬ್ಬರ ಹಿಂದೊಬ್ಬರು ನಡೆಯುವಷ್ಟು ಅಗಲದ ಓಣಿಗಳಿವೆ. ಮರಳು ತುಂಬಿದ ಆ ಓಣಿಗಳಿಂದಲೇ ತೀರಕ್ಕೆ ಇಳಿಯಬೇಕು. ಗೋಡೆಯ ಆಚೆ ಯಾರೋ ಉಪಾಹಾರ ಮಾಡುತ್ತಿರುತ್ತಾರೆ, ಮಗು ಮಲಗಿರುತ್ತದೆ. ಜೋರಾಗಿ ಮಾತನಾಡಬೇಡಿ, ಅಂಗಳದ ನಲ್ಲಿಯಲ್ಲಿ ಕಾಲು ತೊಳೆಯಬೇಡಿ. ಬಡಾವಣೆಯ ದಕ್ಷಿಣ ಭಾಗದಲ್ಲಿ ತಡೆಗೋಡೆಗಳ ಮುಂದೆ ಮರಳೇ ಉಳಿದಿಲ್ಲ, ಅಲೆ ನೇರವಾಗಿ ಗೋಡೆಗೆ ಬಡಿಯುತ್ತದೆ. ಆದ್ದರಿಂದ ಉತ್ತರದ ಓಣಿಗಳನ್ನು ಆರಿಸಿಕೊಳ್ಳಿ.

ಎದುರಿಗೆ ಕಾಣುವ ಎರಡು ಮೊಕುಲುವಾ ದ್ವೀಪಗಳು ಕಡಲಹಕ್ಕಿಗಳ ರಕ್ಷಿತಧಾಮ. ದೊಡ್ಡದಾದ ಮೊಕು ನುಯಿ ದ್ವೀಪದ ಮರಳಿನಲ್ಲಿ ಮಾತ್ರ ಇಳಿಯಬಹುದು, ಚಿಕ್ಕದರಲ್ಲಿ ಇಳಿಯುವಂತಿಲ್ಲ. ನೆಲದೊಳಗೆ ಬಿಲ ತೋಡಿ ಗೂಡು ಮಾಡುವ ಹಕ್ಕಿಗಳು ಅಲ್ಲಿರುವುದರಿಂದ ಗುರುತಿಸಿದ ಜಾಗ ದಾಟಿದರೆ ಕಾಲಿನಡಿ ಗೂಡೇ ಕುಸಿಯಬಹುದು. ತೀರದಲ್ಲಿ 'ಮಂಕ್ ಸೀಲ್' ಎಂಬ ಕಡಲಪ್ರಾಣಿ ಮಲಗಿದ್ದರೆ 50 ಅಡಿ, ಆಮೆಯಿದ್ದರೆ 10 ಅಡಿ ದೂರವಿರಿ. ಸನ್‌ಸ್ಕ್ರೀನ್ ಕೊಳ್ಳುವಾಗ ಖನಿಜಾಧಾರಿತವಾದದ್ದನ್ನೇ ಕೊಳ್ಳಿ. ಹವಳಕ್ಕೆ ಹಾನಿಯೆಂದು ಆಕ್ಸಿಬೆಂಜೋನ್ ಮತ್ತು ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್‌ಗಳ ಮಾರಾಟವನ್ನು ಆ ರಾಜ್ಯ 2021ರಿಂದ ನಿಷೇಧಿಸಿದೆ, ಬೇರೆ ಕಡೆಯಿಂದ ಕೊಂಡೊಯ್ಯುವುದೂ ಬೇಡ.

ಆ ದಿನದ ಕ್ರಮ ನನ್ನ ಪ್ರಕಾರ ಹೀಗಿದ್ದರೆ ಅಮ್ಮನವರಿಗೆ ಆಯಾಸವಾಗದು: ಮೊದಲು ಜೌಗಿನ ಒಡ್ಡು, ಅಲ್ಲಿಂದ ಉಲುಪೊ, ಊಟವಾದ ಮೇಲೆ ಬೀಚ್ ಪಾರ್ಕಿನ ನೆರಳು. ಲಾನಿಕಾಯ್‌ಗೆ ಹೋಗಲೇಬೇಕೆನಿಸಿದರೆ ಬಿಸಿಲು ಇಳಿದ ಮೇಲೆ 671ರಲ್ಲಿ ಹೋಗಿ, ಆದರೆ ಅದು ತಾಸಿಗೊಮ್ಮೆ ಬರುವ ತರಹದ ಬಸ್ಸಾದ್ದರಿಂದ ಹಿಂತಿರುಗುವ ವೇಳೆಯನ್ನು ಇಳಿಯುವಾಗಲೇ ಚಾಲಕರಲ್ಲಿ ಕೇಳಿಕೊಳ್ಳಿ.