ಬೈಲಕುಪ್ಪೆಯ ಹಳೆಯ ರತ್ನಗಂಬಳಿಯನ್ನು ಮಲೆನಾಡಿನ ಮಳೆಗಾಲದಲ್ಲಿ ಕಾಪಾಡುವುದು ಹೇಗೆ?

ಪ್ರಶ್ನೆ: ಮೂಡಿಗೆರೆಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಅಟ್ಟದ ಟ್ರಂಕಿನಲ್ಲಿ, ಅಜ್ಜಿ ಬೈಲಕುಪ್ಪೆಯಿಂದ ಕೊಂಡು ತಂದಿದ್ದ ಉಣ್ಣೆಯ ರತ್ನಗಂಬಳಿಯೊಂದು ಸಿಕ್ಕಿದೆ. ಸುಮಾರು 3 ಅಡಿ ಅಗಲ, 6 ಅಡಿ ಉದ್ದವಿದ್ದು, ಕಡುನೀಲಿ ನೆಲದ ಮೇಲೆ ಕಮಲದ ಹೂಗಳಿವೆ. ಹೂವಿನ ಅಂಚಿನುದ್ದಕ್ಕೂ ಉಣ್ಣೆಯನ್ನು ಕತ್ತರಿಸಿ ಸಣ್ಣ ಕಾಲುವೆಯಂತೆ ತಗ್ಗು ಮಾಡಿದ್ದಾರೆ. ಒಂದು ಮೂಲೆಯಲ್ಲಿ ನುಸಿ ತಿಂದು ಹಾಸಿನ (ಉದ್ದಕ್ಕೆ ಬಿಗಿದ ಎಳೆಗಳ) ದಾರ ಕಾಣುತ್ತಿದೆ. ಇದು ಕೈಯಿಂದಲೇ ನೇಯ್ದದ್ದೆಂದು ಖಚಿತಪಡಿಸಿಕೊಳ್ಳುವುದು ಹೇಗೆ, ಮಳೆಗಾಲದಲ್ಲಿ ಎಲ್ಲಿಡಬೇಕು? ಇಂಥದ್ದನ್ನು ಚಿಕ್ಕದಾಗಿಯಾದರೂ ನೇಯಲು ಕಲಿಯಬೇಕೆಂಬ ಆಸೆಯೂ ಇದೆ.

ಉತ್ತರ: ಹಾಸನದಿಂದ

ಮೊದಲು ಅದನ್ನು ಮಗುಚಿ ಹಾಕಿ ಹಿಂಬದಿಯನ್ನು ನೋಡಿ. ಮುಂಬದಿಯ ಹೂವು ಹಿಂದೆಯೂ ಸ್ಪಷ್ಟವಾಗಿ ಮೂಡಿದ್ದು, ಗಂಟುಗಳ ಸಾಲು ಕಣ್ಣಿಗೆ ಕಾಣುತ್ತಿದ್ದರೆ, ಕುಚ್ಚೂ ಹೊಲಿದು ಸೇರಿಸಿದ್ದಾಗಿರದೆ ಹಾಸಿನ ಎಳೆಗಳೇ ಹೊರಚಾಚಿದ್ದಾಗಿದ್ದರೆ ಅದು ಕೈನೇಯ್ಗೆಯೆಂದು ನಂಬಬಹುದು. ಹಿಂಬದಿಗೆ ಅಂಟು ಬಳಿದು ಬಟ್ಟೆ ಮೆತ್ತಿದ್ದರೆ ಅದು ಗಂಟು ಹಾಕದೆ, ಬಟ್ಟೆಗೆ ದಾರ ಚುಚ್ಚಿ ಮಾಡಿದ ಟಫ್ಟೆಡ್ ಮಾಲು. ಅಂಚು ಕತ್ತರಿಸುವ ಕೆಲಸವನ್ನು ಅಂಥವಕ್ಕೂ ಮಾಡುವುದರಿಂದ, ಅದೊಂದನ್ನೇ ನೋಡಿ ನಿರ್ಧರಿಸಬಾರದು.

1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಯಲ್ಲಿ ನೆಲೆಸಿದ ಟಿಬೆಟನ್ನರು ತಮ್ಮ ನೇಯ್ಗೆಯನ್ನೂ ಜೊತೆಗೆ ತಂದರು. ಅವರ ಪದ್ಧತಿಯಲ್ಲಿ ಹಾಸಿನ ಎಳೆಗಳಿಗೆ ಅಡ್ಡಲಾಗಿ ಸರಳೊಂದನ್ನು ಹಿಡಿದು, ಉಣ್ಣೆಯ ದಾರವನ್ನು ಎಳೆಗಳಿಗೂ ಸರಳಿಗೂ ಸುತ್ತುತ್ತ ಹೋಗುತ್ತಾರೆ. ಸಾಲು ಮುಗಿದ ಮೇಲೆ ಸರಳಿನ ಮೇಲಿನ ಕುಣಿಕೆಗಳನ್ನು ಚಾಕುವಿನಿಂದ ಸೀಳುತ್ತಾರೆ. ಆಗ ಉಣ್ಣೆ ಎದ್ದು ನಿಲ್ಲುತ್ತದೆ. ಕಾಶ್ಮೀರದಲ್ಲಿ ಹೀಗಲ್ಲ, ಅಲ್ಲಿ ಒಂದೊಂದು ಗಂಟನ್ನೂ ಬೇರೆಯಾಗಿಯೇ ಹಾಕಿ ಕತ್ತರಿಸುತ್ತಾರೆ. ನಿಮ್ಮ ಅಳತೆ ಅವರು ಮಲಗಲು ಹಾಸಿಕೊಳ್ಳುವ ‘ಖಾಡೆನ್’ನದ್ದೇ ಆಗಿರುವುದು ನನಗೆ ಬಹಳ ಸಂತೋಷ ಕೊಟ್ಟಿತು. ದಯವಿಟ್ಟು ಮಾರಬೇಡಿ.

ಉತ್ತರ: ಕೊಪ್ಪದಿಂದ

ನಮ್ಮ ಕಡೆಯ ಮಳೆಯಲ್ಲಿ ಉಣ್ಣೆಗೆ ಎರಡು ಶತ್ರುಗಳು, ಬೂಷ್ಟು ಮತ್ತು ನುಸಿ. ಪ್ಲಾಸ್ಟಿಕ್ಕಿನಲ್ಲಿ ಬಿಗಿದಿಟ್ಟರೆ ಒಳಗಿನ ತೇವ ಹೊರಹೋಗದೆ ಬೂಷ್ಟು ಹಿಡಿಯುತ್ತದೆ. ಚೆನ್ನಾಗಿ ಒಣಗಿದ ಮೇಲೆ ಮಡಚದೆ ಸುರುಳಿ ಸುತ್ತಿ, ಒಗೆದ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದಂತೆ ಎತ್ತರದಲ್ಲಿಡಿ. ಉಣ್ಣೆಯನ್ನು ತಿನ್ನುವುದು ಹಾರುವ ಪತಂಗವಲ್ಲ, ಅದರ ಮರಿಹುಳು; ಅದಕ್ಕೆ ಕತ್ತಲು ಮತ್ತು ಅಲುಗಾಡದ ಜಾಗ ಬೇಕು. ಆದ್ದರಿಂದ ಮಳೆ ಬಿಡುವು ಕೊಟ್ಟಾಗಲೆಲ್ಲ ಬಿಚ್ಚಿ, ಎರಡೂ ಬದಿಯನ್ನು ಮೆತ್ತನೆಯ ಬ್ರಷ್‌ನಿಂದ ಗುಡಿಸುವುದು ಯಾವ ನುಸಿ ಗುಳಿಗೆಗಿಂತಲೂ ಮೇಲು. ನೀರಿಗೆ ಮಾತ್ರ ಹಾಕಬೇಡಿ. ಒದ್ದೆ ಮಾಡಿದ ಬಿಳಿ ಬಟ್ಟೆಯನ್ನು ಒಂದು ಮೂಲೆಯಲ್ಲಿ ಒತ್ತಿ, ನೀಲಿ ಬಿಡುತ್ತದೆಯೇ ಎಂದು ಮೊದಲು ನೋಡಿ.

ಪ್ರಶ್ನೆ ಕೇಳಿದವರು

ಹಿಂಬದಿಯಲ್ಲಿ ಹೂವು ಸ್ಪಷ್ಟವಾಗಿ ಕಾಣುತ್ತಿದೆ, ಅಂಟಿನ ಗುರುತಿಲ್ಲ. ಇಬ್ಬರಿಗೂ ಕೃತಜ್ಞತೆಗಳು. ನೇಯ್ಗೆ ಕಲಿಯುವ ವಿಷಯವನ್ನು ಯಾರಾದರೂ ತಿಳಿಸುವಿರಾ?

ಉತ್ತರ: ಸಕಲೇಶಪುರದಿಂದ

ನೇರವಾಗಿ ಗಂಟಿನ ಕೆಲಸಕ್ಕೆ ಇಳಿಯದೆ ಜಮಖಾನದಿಂದ ಆರಂಭಿಸುವುದು ಉತ್ತಮವೆಂದು ನನ್ನ ಅಭಿಪ್ರಾಯ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಣ್ಣುಮಕ್ಕಳು ನೆಟ್ಟಗೆ ನಿಲ್ಲಿಸಿದ ಮಗ್ಗದ ಮೇಲೆ ಹತ್ತಿಯ ಜಮಖಾನ ನೇಯುತ್ತಾರೆ. ಅದಕ್ಕೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಇದೆ. ಅಲ್ಲಿ ಗಂಟಿಲ್ಲ, ಬಣ್ಣದ ಹೊಕ್ಕೇ (ಅಡ್ಡಲಾಗಿ ನೇಯುವ ದಾರ) ಹಾಸನ್ನು ಮುಚ್ಚಿ ಚಿತ್ತಾರವಾಗುತ್ತದೆ. ಬಡಗಿಯಿಂದ ಗಟ್ಟಿಯಾದ ಮರದ ಚೌಕಟ್ಟು ಮಾಡಿಸಿ, ಹತ್ತಿಯ ಹಾಸು ಬಿಗಿದು, ಒಂದು ಅಡಿ ಅಗಲದ ತುಂಡನ್ನು ನೇಯ್ದು ನೋಡಿ. ಹಾಸಿನ ಬಿಗಿ ಎಲ್ಲ ಕಡೆ ಒಂದೇ ಸಮನಾಗಿರಲಿ, ಹೊಕ್ಕನ್ನು ಹೆಚ್ಚು ಎಳೆಯಬೇಡಿ. ಎಳೆದರೆ ಎರಡೂ ಅಂಚುಗಳು ಒಳಕ್ಕೆ ಸೊಂಟ ಹಿಡಿದಂತೆ ಬಾಗುತ್ತವೆ. ಅಂಚು ನೇರ ಬರತೊಡಗಿದ ಮೇಲೆ ಅದೇ ಚೌಕಟ್ಟಿನಲ್ಲಿ ಉಣ್ಣೆ ಮತ್ತು ಸರಳನ್ನು ಬಳಸಬಹುದು. ನುಸಿ ತಿಂದ ಮೂಲೆಯ ದಾರಗಳನ್ನು ಅಲ್ಲಿಯವರೆಗೆ ಕತ್ತರಿಸದೆ, ಹಿಂದಿನಿಂದ ಹತ್ತಿಯ ಬಟ್ಟೆಯ ತುಂಡೊಂದನ್ನಿಟ್ಟು ಸಡಿಲವಾಗಿ ಹೊಲಿದು ನಿಲ್ಲಿಸಿಕೊಳ್ಳಿ.