ಸಾಫ್ಟ್‌ಬಾಲ್ ಲೀಗ್‌ನಲ್ಲಿ ಅಂಪೈರ್ ಆಗಲಾ, ಬೇಡವಾ? ಮಾಡಿದವರು ಅನುಭವ ಹೇಳಿ

ಹೊಸಬ:
ನಮ್ಮ ವಾರಾಂತ್ಯದ ಸ್ಲೋ ಪಿಚ್ (ಪಿಚರ್ ಚೆಂಡನ್ನು ನಿಧಾನವಾಗಿ, ಕಮಾನಿನ ಹಾಗೆ ಎತ್ತಿ ಎಸೆಯುವ ಆಟ) ಲೀಗ್‌ನಲ್ಲಿ 6 ವರ್ಷ ಆಡಿದ್ದೇನೆ. ಮಂಡಿ ಕೈಕೊಟ್ಟಿತು, ಈ ಸೀಸನ್ ಬಿಟ್ಟೆ. ಈಗ ಲೀಗ್ ನಡೆಸುವವರು "ಸುಮ್ನೆ ಮನೆಯಲ್ಲಿ ಕೂರುವ ಬದಲು ಅಂಪೈರಿಂಗ್ ಮಾಡು" ಎನ್ನುತ್ತಿದ್ದಾರೆ. ಮ್ಯಾಚ್‌ಗೆ ಒಬ್ಬನೇ ಅಂಪೈರ್. ನನ್ನದು ಎರಡೇ ಪ್ರಶ್ನೆ. ಮಂಡಿ ನೋವು ಇಟ್ಟುಕೊಂಡು 7 ಇನ್ನಿಂಗ್ಸ್ ಪ್ಲೇಟ್ (ಬ್ಯಾಟರ್ ಹೊಡೆಯುವ ಜಾಗದ ಬೇಸ್) ಹಿಂದೆ ನಿಲ್ಲಬಹುದಾ? ನನ್ನ ಹಳೆ ಟೀಮ್ ಇದೇ ಲೀಗ್‌ನಲ್ಲಿದೆ, ಅವರ ಮ್ಯಾಚ್ ಒಪ್ಪಿಕೊಳ್ಳಬಹುದಾ?

ಪ್ಲೇಟ್ ಹಿಂದೆ:
ಮಾಡಿ. ಆದರೆ ನಾಲ್ಕು ಕಾಸು ಉಳಿಯುತ್ತದೆ ಅಂದುಕೊಂಡು ಮಾಡಬೇಡಿ. ನನ್ನ ಮೊದಲ ಸೀಸನ್ ಲೆಕ್ಕ ಇನ್ನೂ ಡೈರಿಯಲ್ಲಿದೆ. ಒಟ್ಟು 22 ಮ್ಯಾಚ್. ಮಳೆಗೆ 3 ಹೋದವು, ಆ ದಿನಗಳಲ್ಲಿ ನೆನೆದು ಬಂದಿದ್ದಷ್ಟೇ ಲಾಭ. ಉಳಿದ 19ರಲ್ಲಿ ಶೂಗೆ 5 ಮ್ಯಾಚ್‌ನ ಫೀಸು ಹೋಯಿತು. ಮುಂಭಾಗದಲ್ಲಿ ಉಕ್ಕು ಇರುವ ಶೂ, ಮಾಮೂಲಿ ಶೂ ಹಾಕಿಕೊಂಡು ಒಂದು ಸಲ ಹೆಬ್ಬೆರಳಿಗೆ ಫೌಲ್ ಬಾಲ್ ತಿಂದವನು ಆಮೇಲೆ ಅಂಗಡಿಯಲ್ಲಿ ಚೌಕಾಸಿ ಮಾಡುವುದಿಲ್ಲ. ಮಾಸ್ಕ್‌ಗೆ 4, ಚೆಸ್ಟ್ ಗಾರ್ಡ್‌ಗೆ 3, ಶಿನ್ ಗಾರ್ಡ್‌ಗೆ 2, ಎರಡು ಬೂದು ಪ್ಯಾಂಟಿಗೆ 2, ಬಾಲ್ ಬ್ಯಾಗು, ಕ್ಲಿಕ್ಕರ್, ಬ್ರಷ್ ಎಲ್ಲ ಸೇರಿ 1. 17 ಆಯಿತಾ? ಉಳಿದ ಎರಡು ಮ್ಯಾಚ್‌ನ ದುಡ್ಡು ಹಲ್ಲಿನ ಡಾಕ್ಟರ್‌ಗೆ. ಸಾಲದೆ ಕೈಯಿಂದಲೂ ಹಾಕಿದೆ.

ಹಲ್ಲಿನ ಕಥೆ ಕೇಳಿ. ಸ್ಲೋ ಪಿಚ್ ಅಲ್ವಾ, ಮಾಸ್ಕ್ ಯಾಕೆ ಅಂತ ಎಲ್ಲರೂ ನಕ್ಕರು. ನಾನೂ ಮೊದಲ ಐದಾರು ಮ್ಯಾಚ್ ಬರೀ ಟೋಪಿಯಲ್ಲೇ ನಿಂತೆ. ನಿಧಾನವಾಗಿ ಬರುವುದು ಪಿಚ್, ಬ್ಯಾಟಿಗೆ ತಾಗಿದ ಮೇಲೆ ಅದಕ್ಕೆ ನಿಧಾನ ಅಂದರೇನು ಅಂತಲೇ ಗೊತ್ತಿರುವುದಿಲ್ಲ. ಫೌಲ್ ಸೀದಾ ಹಿಂದಕ್ಕೆ ಬಂತು. ಕ್ಯಾಚರ್ ತಲೆ ತಗ್ಗಿಸಿದ. ನನಗೆ ಕಂಡಿದ್ದು ಚೆಂಡಿನ ಹೊಲಿಗೆ ಮಾತ್ರ. ಮುಂದಿನ ಹಲ್ಲಿನ ಅರ್ಧ ತುಂಡು ಮಣ್ಣಿನಲ್ಲಿ ಬಿದ್ದಿತ್ತು, ಪ್ಲೇಟ್ ಗುಡಿಸುವ ಬ್ರಷ್‌ನಿಂದಲೇ ಮಣ್ಣು ಸರಿಸಿ ಹುಡುಕಿದೆ. ಬ್ಯಾಟರ್ ಕೇಳಿದ್ದೇನು ಗೊತ್ತಾ? "ಸಾರ್, ಕೌಂಟ್ ಎಷ್ಟು?" ಕ್ಲಿಕ್ಕರ್ ನೋಡಿ ಹೇಳಿದೆ, ಎರಡು ಬಾಲ್ (ಕೆಟ್ಟ ಪಿಚ್), ಒಂದು ಸ್ಟ್ರೈಕ್ (ಬ್ಯಾಟರ್ ವಿರುದ್ಧದ ಎಣಿಕೆ). ಮ್ಯಾಚ್ ಮುಗಿಸಿಯೇ ಹೋದೆ. ಈಗ ನಾಲ್ಕನೇ ಸೀಸನ್.

ಬಿಟ್ಟುಬಿಟ್ಟೆ:
ಮೇಲಿನವರದು ಹಲ್ಲು ಹೋಯಿತು, ಕಟ್ಟಿಸಬಹುದು. ನನ್ನದು ಮರ್ಯಾದೆ ಹೋಯಿತು.

ಏಳನೇ ಇನ್ನಿಂಗ್ಸ್, ಸ್ಕೋರ್ ಸಮ. ಒಂದು ಔಟ್, ಫಸ್ಟ್ ಮತ್ತು ಸೆಕೆಂಡ್‌ನಲ್ಲಿ ರನ್ನರ್. ಬ್ಯಾಟರ್ ಹೊಡೆದ ಚೆಂಡು ಸೆಕೆಂಡ್ ಬೇಸ್ ಹಿಂದೆ ಎತ್ತರಕ್ಕೆ ಹೋಯಿತು. ಗಾಳಿ ಇತ್ತು. ಶಾರ್ಟ್‌ಸ್ಟಾಪ್ (ಸೆಕೆಂಡ್, ಥರ್ಡ್ ಬೇಸ್ ನಡುವೆ ಆಡುವ ಇನ್‌ಫೀಲ್ಡರ್) ಹಿಂದೆ ಹಿಂದೆ ಸರಿದು ಚೆಂಡಿನ ಕೆಳಗೆ ನಿಂತ. ನಾನು ಕೈ ಎತ್ತಿ "ಇನ್‌ಫೀಲ್ಡ್ ಫ್ಲೈ, ಬ್ಯಾಟರ್ ಔಟ್" ಎಂದು ಕೂಗಿದೆ. ಹಾಗೆ ಕೂಗಿದ ಮೇಲೆ ಚೆಂಡು ಹಿಡಿದರೂ ಬಿಟ್ಟರೂ ಬ್ಯಾಟರ್ ಔಟ್. ಅವನು ಚೆಂಡು ಬಿಟ್ಟ. ಬಿಟ್ಟವನು ಗಾಬರಿಯಲ್ಲಿ ಎತ್ತಿ ಥರ್ಡ್‌ಗೆ ಎಸೆದ. ಥರ್ಡ್‌ನವನು ಚೆಂಡು ಹಿಡಿದು ಬೇಸ್ ತುಳಿದ, ರನ್ನರ್‌ನನ್ನು ಮುಟ್ಟಲೇ ಇಲ್ಲ. ಬ್ಯಾಟರ್ ಆಗಲೇ ಔಟ್, ಹಾಗಾಗಿ ಫೋರ್ಸ್ ಇಲ್ಲ, ಅಂದರೆ ರನ್ನರ್ ಮುಂದಿನ ಬೇಸ್‌ಗೆ ಓಡಲೇಬೇಕೆಂಬ ಒತ್ತಾಯ ಇಲ್ಲ, ಬರೀ ಬೇಸ್ ತುಳಿದರೆ ಔಟ್ ಆಗುವುದಿಲ್ಲ. ರನ್ನರ್‌ಗೆ ಚೆಂಡು ಮುಟ್ಟಿಸಬೇಕಿತ್ತು. ಇವರೆಲ್ಲ ಡಬಲ್ ಪ್ಲೇ (ಒಂದೇ ಹೊಡೆತಕ್ಕೆ ಎರಡು ಔಟ್) ಆಯಿತು, ಇನ್ನಿಂಗ್ಸ್ ಮುಗಿಯಿತು ಅಂತ ಕೈ ಕೈ ತಟ್ಟಿಕೊಂಡು ಮೈದಾನದಿಂದ ಹೊರಟರು. ರನ್ನರ್ ಥರ್ಡ್ ಮೇಲೆ ನಿಂತು ನನ್ನ ಮುಖ ನೋಡಿದ. ನಾನು ಏನೂ ಹೇಳಲಿಲ್ಲ, ಹೇಳುವಂತೆಯೂ ಇಲ್ಲ. ಅವನು ನಡೆದುಕೊಂಡೇ ಬಂದು ಹೋಮ್ ಪ್ಲೇಟ್ ತುಳಿದ. ಓಡಲೂ ಇಲ್ಲ ಸ್ವಾಮಿ, ತರಕಾರಿ ತರಲು ಹೊರಟವನ ಹಾಗೆ ನಡೆದು ಬಂದ. ಮ್ಯಾಚ್ ಮುಗಿಯಿತು.

ಆಮೇಲೆ 40 ನಿಮಿಷ ನನ್ನ ಗಾಡಿಯ ಸುತ್ತ 9 ಜನ. ಟೈರಿನ ಗಾಳಿ ತೆಗೆದಿದ್ದು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ನಾನು ಕೊಟ್ಟಿದ್ದು ಸರಿಯಾದ ತೀರ್ಪು. ಆದರೂ ಲೀಗ್‌ನವರು "ಸ್ವಲ್ಪ ಹೊಂದಿಕೊಂಡು ಹೋಗಬೇಕಿತ್ತು" ಅಂದರು. ಅವತ್ತೇ ಬಿಟ್ಟೆ.

ಶಾರ್ಟ್‌ಸ್ಟಾಪ್ 6:
ಆಡುವವನಾಗಿ ಹೇಳುತ್ತೇನೆ. ಚೆಂಡು ಇನ್‌ಫೀಲ್ಡ್‌ನ ಮಣ್ಣು ದಾಟಿ ಹುಲ್ಲಿಗೆ ಹೋದ ಮೇಲೆ ಅದೆಂಥ ಇನ್‌ಫೀಲ್ಡ್ ಫ್ಲೈ? ಹೆಸರಲ್ಲೇ ಇನ್‌ಫೀಲ್ಡ್ ಅಂತ ಇದೆ. ನಮಗೂ ಒಬ್ಬರು ಹೀಗೇ ಕೊಟ್ಟರು, ಸೆಮಿಫೈನಲ್ ಹೋಯಿತು. ಅಂಪೈರ್‌ಗಳಿಗೆ ರೂಲ್ ಬುಕ್ ಓದಿದ್ದೇವೆ ಅಂತ ತೋರಿಸಿಕೊಳ್ಳುವ ಚಟ.

ಪ್ಲೇಟ್ ಹಿಂದೆ:
ಹುಲ್ಲು, ಮಣ್ಣು ಯಾವುದೂ ಲೆಕ್ಕಕ್ಕಿಲ್ಲ ಮಾರಾಯರೇ. ಇನ್‌ಫೀಲ್ಡರ್ ಹೆಚ್ಚು ಕಷ್ಟಪಡದೆ ಹಿಡಿಯಬಹುದಾ, ಅಷ್ಟೇ ಪ್ರಶ್ನೆ. ಅವನು ಎಲ್ಲಿ ನಿಂತಿದ್ದ ಅನ್ನುವುದಲ್ಲ. ಎರಡಕ್ಕಿಂತ ಕಡಿಮೆ ಔಟ್, ಫಸ್ಟ್ ಮತ್ತು ಸೆಕೆಂಡ್‌ನಲ್ಲಿ ರನ್ನರ್ ಅಥವಾ ಮೂರೂ ಬೇಸ್ ಭರ್ತಿ. ಬೇಕೆಂದೇ ಚೆಂಡು ಬಿಟ್ಟು ಎರಡು ಔಟ್ ಕದಿಯಬಾರದು ಅಂತಲೇ ಈ ರೂಲ್ ಇರುವುದು.

ಆದರೆ "ಬಿಟ್ಟುಬಿಟ್ಟೆ" ಅವರೇ, ಬೇಜಾರು ಮಾಡಿಕೊಳ್ಳಬೇಡಿ, ನೀವು ಕೂಗಿದ್ದು ತಡ. ಚೆಂಡು ಮೇಲೆ ಹೋಗಿ ತುದಿ ಮುಟ್ಟಿ ಇನ್ನೇನು ಇಳಿಯಬೇಕು ಅನ್ನುವಾಗಲೇ ಕೂಗಬೇಕು. ಮೂರೂ ಬೇಸ್‌ಗೆ ಕೇಳಿಸುವ ಹಾಗೆ. ಎಲ್ಲರಿಗೂ ಕೇಳಿಸಿದ್ದರೆ ಥರ್ಡ್‌ನವನು ಬೇಸ್ ತುಳಿದು ಕೂರುತ್ತಿದ್ದನಾ?

ಬಿಟ್ಟುಬಿಟ್ಟೆ:
ನೀವು ಅಲ್ಲಿದ್ದಿರಾ? ತಡ ಅಂತ ನಾನೆಲ್ಲಿ ಬರೆದೆ? ಗಾಳಿಗೆ ಚೆಂಡು ಓಲಾಡುತ್ತಿದ್ದಾಗ ಅವನು ಕೆಳಗೆ ಬಂದು ನಿಲ್ಲುವವರೆಗೂ ಕಾದೆ. ಆತುರಪಟ್ಟು ಕೂಗಿದ್ದರೆ ಆಗ "ಯಾಕಪ್ಪಾ ಅವಸರ" ಅಂತ ನೀವೇ ಬರೆಯುತ್ತಿದ್ದಿರಿ. ಹಲ್ಲು ಮುರಿಸಿಕೊಂಡು ಮಾಸ್ಕ್ ಕಲಿತವರಿಂದ ನನಗೆ ಪಾಠ ಬೇಡ.

ಎಡಗೈ ಮುಷ್ಟಿ:
ಇಬ್ಬರೂ ಗಂಟಲು ಹರಿದುಕೊಳ್ಳುವುದನ್ನು ನಿಲ್ಲಿಸಿ. ನಾನು ಮಿಕ್ಸೆಡ್ ಲೀಗ್‌ನಲ್ಲಿ 3 ಸೀಸನ್ ಅಂಪೈರಿಂಗ್ ಮಾಡಿದ್ದೇನೆ. ಮೊದಲ ದಿನ ಪೂರ್ತಿ ಯೂನಿಫಾರ್ಮ್‌ನಲ್ಲಿ ಬಗ್ಗಿ ಪ್ಲೇಟ್ ಗುಡಿಸುತ್ತಿದ್ದೆ. ಒಬ್ಬ ಕೋಚ್ ಬಂದು "ಮೇಡಂ, ಅಂಪೈರ್ ಸಾರ್ ಎಷ್ಟೊತ್ತಿಗೆ ಬರುತ್ತಾರೆ?" ಎಂದು ಕೇಳಿದ. ಬಂದಾಯಿತು ಅಂದೆ.

ಅದೇ ಮ್ಯಾಚ್‌ನಲ್ಲಿ ಸೆಕೆಂಡ್‌ನಿಂದ ಥರ್ಡ್‌ಗೆ ಓಡುತ್ತಿದ್ದ ಹುಡುಗಿಗೆ ಅವನ ಫೀಲ್ಡರ್ ಅಡ್ಡ ನಿಂತ. ಕೈಯಲ್ಲಿ ಚೆಂಡಿಲ್ಲ, ಚೆಂಡು ಅವನ ಕಡೆ ಬರುತ್ತಲೂ ಇಲ್ಲ. ಅವಳು ಸುತ್ತು ಹಾಕಿ ಓಡಬೇಕಾಯಿತು. ನಾನು ಎಡಗೈ ಮುಷ್ಟಿ ಕಟ್ಟಿ ಪಕ್ಕಕ್ಕೆ ಚಾಚಿದೆ. ಅದು ಅಬ್‌ಸ್ಟ್ರಕ್ಷನ್, ಅಂದರೆ ರನ್ನರ್‌ಗೆ ಅಡ್ಡಿ ಮಾಡಿದ ತಪ್ಪಿನ ಸನ್ನೆ. ಆಟ ನಿಲ್ಲಿಸುವಂತಿಲ್ಲ, ಅಬ್‌ಸ್ಟ್ರಕ್ಷನ್‌ನಲ್ಲಿ ಮುಂದೇನಾಗುತ್ತದೆ ನೋಡಬೇಕು. ಥರ್ಡ್ ತಲುಪುವ ಮುಂಚೆ ಚೆಂಡು ಮುಟ್ಟಿಸಿದರು, ಕುಣಿದರು. ಆಗ ಡೆಡ್ ಬಾಲ್ ಕೂಗಿ ಆಟ ನಿಲ್ಲಿಸಿ ಅವಳಿಗೆ ಥರ್ಡ್ ಕೊಟ್ಟೆ. ಆ ಕೋಚ್ ಓಡಿಬಂದ. "ಔಟ್ ಆದ ಮೇಲೆ ನೆನಪಾಯಿತಾ? ಆಗಲೇ ಯಾಕೆ ಹೇಳಲಿಲ್ಲ?" ಎಡಗೈ ಇನ್ನೂ ಚಾಚಿಕೊಂಡೇ ಇತ್ತು. "ಇದು ಯಾಕೆ ಅಂದುಕೊಂಡಿರಿ, ಬಸ್ ನಿಲ್ಲಿಸಲಾ?" ಅಂದೆ. ಹಾಗೆ ಅನ್ನಬಾರದಿತ್ತು, ಅದಕ್ಕೆ ನನ್ನ ಮೇಲೆ ದೂರು ಹೋಯಿತು. ಅಬ್‌ಸ್ಟ್ರಕ್ಷನ್ ಮೇಲೆ ಅಲ್ಲ, ಬಸ್ ಮೇಲೆ. ಎರಡು ವಾರ ಮ್ಯಾಚ್ ಕೊಡಲಿಲ್ಲ.

ಹಳೆ ಟೀಮ್ ಬಗ್ಗೆ: ನನ್ನ ತಮ್ಮನ ಟೀಮಿಗೂ ಮಾಡಿದ್ದೇನೆ. ಮೊದಲ ಇನ್ನಿಂಗ್ಸ್‌ನಲ್ಲೇ ಅವನನ್ನು ಔಟ್ ಕೊಟ್ಟೆ. ಮನೆಯಲ್ಲಿ ಅಮ್ಮ ಕೂಡ ಅವನ ಪರ.

12 ಅಡಿ:
ಯಾರೂ ನಿಜವಾದ ತಲೆನೋವಿನ ವಿಷಯ ಎತ್ತಲೇ ಇಲ್ಲ. ಆರ್ಕ್, ಅಂದರೆ ಪಿಚ್ ಗಾಳಿಯಲ್ಲಿ ಏರಿ ಇಳಿಯುವ ಕಮಾನು! ನಮ್ಮಲ್ಲಿ ಪಿಚ್ ನೆಲದಿಂದ ಕಡಿಮೆ ಅಂದರೆ 6 ಅಡಿ ಏರಬೇಕು, 12 ದಾಟಬಾರದು. ಕೆಲವು ಲೀಗ್‌ಗಳಲ್ಲಿ ಮೇಲಿನ ಮಿತಿ 10. ಕಣ್ಣಳತೆಯಲ್ಲಿ ಹೇಳುವುದು ಹೇಗೆ? ನಾನು ಮೊದಲ ತಿಂಗಳು ಬಾಯಿಗೆ ಬಂದಂತೆ ಕೂಗಿದೆ, ಒಪ್ಪಿಕೊಳ್ಳುತ್ತೇನೆ. ಆಮೇಲೆ ಒಂದು ಉದ್ದ ಕೋಲಿಗೆ 6 ಅಡಿಯಲ್ಲಿ ಬಿಳಿ ಬಟ್ಟೆ, 12 ಅಡಿಯಲ್ಲಿ ಕೆಂಪು ಬಟ್ಟೆ ಕಟ್ಟಿ, ಪಿಚರ್ ಮತ್ತು ಪ್ಲೇಟ್ ನಡುವೆ ಒಂದು ಪಕ್ಕಕ್ಕೆ ನೆಟ್ಟು, ಹೆಂಡತಿ ಕೈಯಲ್ಲಿ ಪಿಚ್ ಹಾಕಿಸಿ ಮೂರು ಭಾನುವಾರ ಬರೀ ನೋಡುತ್ತಾ ನಿಂತೆ. 6 ಅಡಿ ಅನ್ನುವುದು ನಾವು ಅಂದುಕೊಂಡಿದ್ದಕ್ಕಿಂತ ಕೆಳಗೆ, ಪಿಚರ್ ತಲೆಗಿಂತ ಒಂಚೂರು ಮೇಲೆ ಅಷ್ಟೇ. 12 ಮಾತ್ರ ನಿಜವಾಗಲೂ ಎತ್ತರ. ಅಂದರೆ ಅಷ್ಟು ದಿನ ನಾನು "ಎತ್ತರ ಹೆಚ್ಚಾಯಿತು" ಅಂತ ಕೂಗಿದ ಅರ್ಧ ಪಿಚ್ ಸರಿಯಾದವೇ ಆಗಿದ್ದವು. ಆ ಪಿಚರ್ ಈಗ ಎದುರು ಸಿಕ್ಕರೆ ನಾನೇ ರಸ್ತೆ ದಾಟುತ್ತೇನೆ.

ಇನ್ನೊಂದು ಪೇಚಾಟ. "ಇಲ್ಲೀಗಲ್" ಅನ್ನುವುದನ್ನು ಚೆಂಡು ಗಾಳಿಯಲ್ಲಿರುವಾಗಲೇ ಹೇಳಬೇಕು. ಬ್ಯಾಟರ್ ಬೀಸದಿದ್ದರೆ ಅದು ಬಾಲ್. ಬೀಸಿದರೆ ನಮ್ಮ ಮಾತು ಬಿದ್ದುಹೋಯಿತು, ಆಗಿದ್ದು ಆಯಿತು. ಬೀಸಿ ಔಟ್ ಆದವರೆಲ್ಲ "ನೀವು ಕೂಗಿದ್ದಕ್ಕೆ ಗಮನ ತಪ್ಪಿತು" ಅನ್ನುತ್ತಾರೆ. ಹೋಮ್ ರನ್ ಹೊಡೆದವನು ಒಬ್ಬನೂ ಹಾಗಂದಿಲ್ಲ.

ಶಾರ್ಟ್‌ಸ್ಟಾಪ್ 6:
ಅದಕ್ಕೇ ಪ್ಲೇಟ್ ಹಿಂದೆ ಮ್ಯಾಟ್ ಹಾಸಿ ಅನ್ನುವುದು. ಚೆಂಡು ಮ್ಯಾಟ್ ಮೇಲೆ ಬಿದ್ದರೆ ಸ್ಟ್ರೈಕ್, ಇಲ್ಲದಿದ್ದರೆ ಬಾಲ್. ನಮ್ಮ ಲೀಗ್‌ನಲ್ಲಿ ಈಗ ಹಾಗೇ. ಅಂಪೈರ್ ಮೂಡ್ ನೋಡಿಕೊಂಡು ಆಡುವ ಕಾಟ ತಪ್ಪಿತು.

12 ಅಡಿ:
ಮ್ಯಾಟ್ ಆರ್ಕ್ ಅಳೆಯುತ್ತದಾ? ಸೀದಾ ಎಸೆದ ಚೆಂಡೂ ಮ್ಯಾಟ್ ಮೇಲೆ ಬೀಳುತ್ತದೆ. ಓದಿ ಬರೆಯಿರಿ.

ಪ್ಲೇಟ್ ಹಿಂದೆ:
ಮ್ಯಾಟ್ ಬಂದ ಮೇಲೆ ಅಂಚಿನ ಜಗಳ ಶುರು. ಚೆಂಡು ಅಂಚಿಗೆ ತಾಗಿತಾ, ಮಣ್ಣಿಗೆ ತಾಗಿತಾ ಅಂತ ಕ್ಯಾಚರ್ ಮಂಡಿಯೂರಿ ಗುರುತು ತೋರಿಸುತ್ತಾನೆ. ಒಬ್ಬ ಫೋನ್‌ನಲ್ಲಿ ಫೋಟೋ ತೆಗೆದು ತಂದ.

ಶಾರ್ಟ್‌ಸ್ಟಾಪ್ 6:
ತರಬೇಕು ಮತ್ತೆ. ಫಸ್ಟ್ ಬೇಸ್‌ನಲ್ಲಂತೂ ಟೈ ಆದರೆ ರನ್ನರ್‌ಗೆ ಅನ್ನುವುದು ಚಿಕ್ಕ ಮಕ್ಕಳಿಗೂ ಗೊತ್ತು, ಅದನ್ನೂ ಔಟ್ ಕೊಡುತ್ತೀರಿ.

ಪ್ಲೇಟ್ ಹಿಂದೆ:
ಬೇಸ್ ಮೇಲೆ ಟೈ ಅನ್ನುವುದೇ ಇಲ್ಲ. ಒಂದೋ ಚೆಂಡು ಮೊದಲು, ಇಲ್ಲವೋ ಕಾಲು ಮೊದಲು. ಕಣ್ಣು ಬೇಸ್ ಮೇಲೆ, ಕಿವಿ ಗ್ಲೋವ್ ಕಡೆ. ಗ್ಲೋವ್‌ನ ಸದ್ದು ಮೊದಲು ಕೇಳಿಸಿದರೆ ಔಟ್.

ಶಾರ್ಟ್‌ಸ್ಟಾಪ್ 6:
ಎರಡೂ ಒಟ್ಟಿಗೆ ಆದರೆ ಚೆಂಡು "ಮೊದಲು" ಬರಲಿಲ್ಲ ಅಂತ ತಾನೇ ಅರ್ಥ? ಹಾಗಾದರೆ ಸೇಫ್. ನೀವೇ ಹೇಳಿದ ಹಾಗಾಯಿತು.

ಎಡಗೈ ಮುಷ್ಟಿ:
ಫಸ್ಟ್ ಬೇಸ್ ಅಂದ ಮೇಲೆ ನೆನಪಾಯಿತು. ನಿಮ್ಮ ಮೈದಾನದಲ್ಲಿ ಕಿತ್ತಳೆ ಬಣ್ಣದ ಜೋಡಿ ಬೇಸ್ ಇದೆಯಾ ನೋಡಿಕೊಳ್ಳಿ. ಬಿಳಿ ಅರ್ಧ ಫೀಲ್ಡರ್‌ಗೆ, ಫೌಲ್ ಕಡೆಯ ಕಿತ್ತಳೆ ಅರ್ಧ ಓಡಿ ಬರುವವರಿಗೆ. ಬೇಸ್ ಒಂಟಿಯಾಗಿದ್ದ ಕಾಲದಲ್ಲಿ ನನ್ನ ಕಣ್ಣೆದುರೇ ಒಬ್ಬರ ಪಾದದ ಕೀಲು ಇನ್ನೊಬ್ಬರ ಶೂ ಕೆಳಗೆ ತಿರುಚಿತು. ಆ ಸದ್ದು ಗ್ಲೋವ್ ಸದ್ದಿಗಿಂತ ಚೆನ್ನಾಗಿ ಕೇಳಿಸಿತು.

ಹೊಸಬ:
ಎಲ್ಲರಿಗೂ ಥ್ಯಾಂಕ್ಸ್. ಮಂಡಿ ಬಗ್ಗೆ ಮಾತ್ರ ಯಾರೂ ಹೇಳಲಿಲ್ಲ. ಮತ್ತೆ, ಲೀಗ್‌ನವರು ನನ್ನನ್ನು ಕೇಳದೆಯೇ ಪಟ್ಟಿ ಹಾಕಿದ್ದಾರೆ. ಮೊದಲ ಮ್ಯಾಚ್ ನನ್ನ ಹಳೆ ಟೀಮಿನದ್ದೇ, ಈ ಶನಿವಾರ.

12 ಅಡಿ:
ಮಂಡಿಗೆ ನಿಲ್ಲುವುದು ಕಷ್ಟವಲ್ಲ. ಸ್ಲೋ ಪಿಚ್‌ನಲ್ಲಿ ಪೂರ್ತಿ ಕುಕ್ಕರಗಾಲಲ್ಲಿ ಕೂರಬೇಕಿಲ್ಲ, ಸ್ವಲ್ಪ ಬಾಗಿದರೆ ಸಾಕು. ಒಬ್ಬನೇ ಅಂಪೈರ್ ಆದಾಗ ಪ್ರತಿ ಹೊಡೆತಕ್ಕೂ ಒಳಗೆ ಓಡಿ ಕೋನ ಹಿಡಿಯಬೇಕು, ಮಂಡಿ ತಿನ್ನುವುದು ಅದು. ನನಗೆ ಎರಡನೇ ಸೀಸನ್‌ನಲ್ಲಿ ಎಡ ಮಂಡಿ ಊದಿಕೊಂಡು ಐಸ್ ಇಟ್ಟು, ಬೆಲ್ಟ್ ಕಟ್ಟಿ, ಆರು ವಾರ ಮೆಟ್ಟಿಲು ಪಕ್ಕಕ್ಕೆ ತಿರುಗಿ ಇಳಿದೆ. ಕೋಲು ಬೇಕಾದರೆ ಹೇಳಿ, ಇನ್ನೂ ಇಟ್ಟಿದ್ದೇನೆ. ಬಟ್ಟೆ ಕಟ್ಟಿರುವ ಕೋಲು, ಊರುಗೋಲಲ್ಲ.

ಬಿಟ್ಟುಬಿಟ್ಟೆ:
ಹೊಸಬರೇ, ಮಾಸ್ಕ್ ಬೇಕಾ? ನನ್ನದು ಸುಮ್ನೆ ಬಿದ್ದಿದೆ. 7 ಮ್ಯಾಚ್ ಬಳಸಿದ್ದು. 2 ಮ್ಯಾಚ್‌ನ ಫೀಸು ಕೊಡಿ ಸಾಕು. ಗಾಡಿ ಮಾತ್ರ ಮೈದಾನದಿಂದ ದೂರ ನಿಲ್ಲಿಸಿ.

ಪ್ಲೇಟ್ ಹಿಂದೆ:
ಹಳೆ ಮಾಸ್ಕ್ ತೆಗೆದುಕೊಳ್ಳುವ ಮುಂಚೆ ಹಿಂದಿನ ಪಟ್ಟಿ ಎಳೆದು ನೋಡಿ. ಇಲಾಸ್ಟಿಕ್ ಸಡಿಲವಾಗಿದ್ದರೆ ಚೆಂಡು ತಾಗಿದಾಗ ಮಾಸ್ಕೇ ತಿರುಗಿ ಮುಖಕ್ಕೆ ಹೊಡೆಯುತ್ತದೆ.

ಬಿಟ್ಟುಬಿಟ್ಟೆ:
ಪಟ್ಟಿ ಹೊಸದು. ಕಳೆದ ತಿಂಗಳು ಹಾಕಿಸಿದೆ.

ಎಡಗೈ ಮುಷ್ಟಿ:
ಬಿಟ್ಟವರು ಕಳೆದ ತಿಂಗಳು ಪಟ್ಟಿ ಯಾಕೆ ಹಾಕಿಸಿದಿರಿ?

ಶಾರ್ಟ್‌ಸ್ಟಾಪ್ 6:
ಅದೆಲ್ಲ ಇರಲಿ, ಟೈ ಬಗ್ಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.